ಕಂಪೌಂಡರ್ ಕೊಟ್ಟ ಕಷಾಯ

3 ಡಿಸೆಂಬರ್ 2007, ಸೋಮವಾರ

ಮಧ್ಯಾಹ್ನ 1.10ಕ್ಕೆ ಮಾತ್ರೆ ಕೊಟ್ಟೆ. ವಾಂತಿ ಇಲ್ಲ.

ಈ ಡೈರಿ ತಂದದ್ದೇ ಇಷ್ಟು ಬರೆಯಲಿಕ್ಕೆ. ಹೆಂಡತಿ ಸುಲೋಚನಾಳಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದು ಎರಡು ತಿಂಗಳಾಯಿತು. ದಿನಕ್ಕೊಂದು ಮಾತ್ರೆ, ಊಟದ ಜೊತೆ, ಒಂದು ದಿನವೂ ತಪ್ಪಬಾರದು, ಕೊಟ್ಟ ಸಮಯ ಬರೆದಿಡಿ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದಾರೆ. ಇವತ್ತು ಮಾತ್ರ ಬೇರೆಯದನ್ನೂ ಬರೆಯಬೇಕಾಗಿದೆ.

ಬೆಳಿಗ್ಗೆ ಸೀತೂರಿನಿಂದ ಅವಳ ಅಣ್ಣನ ಮಗಳು ನಿಶ್ಚಿತಾ ಬಂದಿಳಿದಳು. ಎರಡು ಬ್ಯಾಗು, ಒಂದು ಕಂಪ್ಯೂಟರು, ಒಂದು ಥರ್ಮಾಕೋಲ್ ಡಬ್ಬಿ. ಅತ್ತೆಯನ್ನು ನೋಡಿಕೊಂಡು ಇಲ್ಲೇ ಕೂತು ಪಿಎಚ್‌ಡಿ ಬರೆಯುತ್ತಾಳಂತೆ. ಇವಳನ್ನು ಕರೆದವರು ಯಾರು? ನಾನಂತೂ ಅಲ್ಲ. ನೋಡಿಕೊಳ್ಳಲು ನಾನಿದ್ದೇನೆ. ಮೂವತ್ತೆರಡು ವರ್ಷ ಕಿಗ್ಗದ ಕಡೆ ಆಸ್ಪತ್ರೆಗಳಲ್ಲಿ ಕಂಪೌಂಡರ್ ಆಗಿದ್ದವನು ಸ್ವಂತ ಹೆಂಡತಿಗೆ ಒಂದು ಮಾತ್ರೆ ಕೊಡಲಾರನೇ?

ಡಬ್ಬಿಯಲ್ಲಿ ಏನಿದೆ ಎಂದು ಕೇಳಿದೆ. ತೆಗೆದು ತೋರಿಸಿದಳು. ಹೆಬ್ಬೆರಳಿನಷ್ಟು ಉದ್ದದ ಎಂಟು ಶೀಶೆ, ಎಲ್ಲದರಲ್ಲೂ ಕಪ್ಪು ಪುಡಿ. ಮೇಲೆ ಬರೀ ನಂಬರು. ಹೆಸರಿಲ್ಲ, ತಯಾರಿಸಿದ ದಿನಾಂಕ ಇಲ್ಲ, ಎಷ್ಟು ದಿನ ಬಾಳುತ್ತದೆ ಎಂಬುದೂ ಇಲ್ಲ. ಚೀಟಿ ಇಲ್ಲದ ಬಾಟಲಿಯನ್ನು ನನ್ನ ಸರ್ವಿಸ್ಸಿನಲ್ಲಿ ನಾನು ಮುಟ್ಟಿದವನಲ್ಲ.

7 ಡಿಸೆಂಬರ್, ಶುಕ್ರವಾರ

1.05ಕ್ಕೆ ಮಾತ್ರೆ.

ಊಟಕ್ಕೆ ಕೂತಾಗ ಆ ಹುಡುಗಿ ತನ್ನ ಕಪ್ಪು ಪುಡಿಯ ಪುರಾಣ ಬಿಚ್ಚಿದಳು. ಅದು ಇಂಗಾಲವಂತೆ, ಆದರೆ ಬರೀ ಪುಡಿಯಲ್ಲವಂತೆ, ಕೊಳವೆಗಳಂತೆ. ಕೂದಲಿಗಿಂತ ಸಾವಿರಾರು ಪಾಲು ಸಣ್ಣ ಕೊಳವೆ. ಅದಕ್ಕೆ ಮದ್ದು ಹತ್ತಿಸಿ ಬಿಟ್ಟರೆ ಜೀವಕೋಶದ ಗೋಡೆ ದಾಟಿ ಸೀದಾ ಒಳಗೆ ಹೋಗುತ್ತದಂತೆ.

"ಈಗಿನ ಮದ್ದು ಮೈಯೆಲ್ಲಾ ಸುತ್ತುತ್ತೆ ಮಾವ. ಬೇಕಾದಲ್ಲಿಗೆ ಸ್ವಲ್ಪ, ಬೇಡದಲ್ಲಿಗೆ ಬಹಳ. ಈ ಕೊಳವೆ ಹೋಗಬೇಕಾದ ಮನೆಗೇ ಹೋಗಿ ಒಳಗಿಟ್ಟು ಬರುತ್ತೆ."

"ಬಾಗಿಲು ತಟ್ಟದೆ ಒಳಗೆ ಹೋಗೋನಿಗೆ ನಮ್ಮೂರಲ್ಲಿ ಬೇರೆ ಹೆಸರಿದೆ" ಎಂದೆ.

ಸುಲೋಚನಾ ಬಿದ್ದು ಬಿದ್ದು ನಕ್ಕಳು. ಅವಳು ನಕ್ಕು ಎಷ್ಟು ದಿನವಾಗಿತ್ತೋ. ಎಣ್ಣೆ ದೀಪದ ಮಸಿಯಲ್ಲೂ ಇಂಥ ಕೊಳವೆ ಅಷ್ಟಿಷ್ಟು ಇರುತ್ತದೆ, ಆಸಿಡ್‌ನಲ್ಲಿ ತೊಳೆದು ತೆಗೆಯಬಹುದು ಎಂದು ಹುಡುಗಿ ಹೇಳಿದಾಗ ಇವಳು, "ಹಂಗಾರೆ ನಮ್ಮ ಕಾಡಿಗೆ ಅನ್ನು" ಎಂದಳು. ಈ ಬೀದಿಯ ಅಷ್ಟೂ ಮಕ್ಕಳಿಗೆ ಕಾಡಿಗೆ ಮಾಡಿಕೊಟ್ಟವಳು ಇವಳೇ. ನಮಗೆ ಮಾತ್ರ ಮಕ್ಕಳಾಗಲಿಲ್ಲ.

ನನಗೆ ನಗು ಬರಲಿಲ್ಲ. ಇದ್ದಿಲಿನ ಗುಣ ನನಗೆ ಗೊತ್ತು. ಸಿರಿಮನೆ ಊರಿನ ಕೊರಗ ಎಂಬವನು ಒಮ್ಮೆ ತೋಟಕ್ಕೆ ಹೊಡೆಯುವ ಔಷಧಿ ಕುಡಿದು ಬಂದಿದ್ದ. ಡಾಕ್ಟರು ರಜೆಯಲ್ಲಿದ್ದರು. ನಾನೇ ಇದ್ದಿಲ ಪುಡಿ ಕಲಸಿ ಲೋಟಗಟ್ಟಲೆ ಕುಡಿಸಿ ಉಳಿಸಿದೆ. ಹೊಟ್ಟೆಯಲ್ಲಿ ಏನಿದ್ದರೂ ಅದು ಹೀರಿಕೊಂಡು ಹೊರಗೆ ಹೋಗುತ್ತದೆ. ಹೀರುವ ಜಾತಿ ಅದು, ಕೊಡುವ ಜಾತಿಯಲ್ಲ. ಇವಳು ಅದರ ಬೆನ್ನ ಮೇಲೆ ಮದ್ದು ಹೇರಿ ಕಳಿಸುತ್ತಾಳಂತೆ!

19 ಡಿಸೆಂಬರ್, ಬುಧವಾರ

ಶಿವಮೊಗ್ಗಕ್ಕೆ ಹೋಗಿ ಬಂದೆವು. ಬಿಳಿ ರಕ್ತಕಣ ಮೊದಲು ಒಂದು ಲಕ್ಷದ ಎಂಬತ್ತು ಸಾವಿರ ಇತ್ತು. ಇವತ್ತು ಮೂವತ್ತೆರಡು ಸಾವಿರ. "ಮಾತ್ರೆ ಚೆನ್ನಾಗಿ ಹಿಡಿದಿದೆ, ಹೀಗೇ ಮುಂದುವರಿಸಿ" ಎಂದರು ಡಾಕ್ಟರು. ಬಸ್ಸು ತೀರ್ಥಹಳ್ಳಿ ದಾಟುವವರೆಗೂ ನಾನು ಅಳು ತಡೆದುಕೊಂಡು ಕೂತಿದ್ದೆ, ಆಮೇಲೆ ಆಗಲಿಲ್ಲ.

ಮಾತ್ರೆ 1.40ಕ್ಕೆ, ಹೋಟೆಲಿನಲ್ಲಿ.

27 ಡಿಸೆಂಬರ್, ಗುರುವಾರ

ಮಾತ್ರೆ 1.10.

ದಿನಾ ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆವರೆಗೆ ಬಸ್‌ಸ್ಟ್ಯಾಂಡಿನ ಹತ್ತಿರ ಭೈರಪ್ಪನ ಔಷಧಿ ಅಂಗಡಿಯಲ್ಲಿ ಕೂರುವುದು ನನ್ನ ರೂಢಿ. ಡಾಕ್ಟರುಗಳ ಅಕ್ಷರ ಓದಲು ಅವನಿಗೆ ನಾನು ಬೇಕು. ಇವತ್ತು ಮನೆಗೆ ಬಂದು ಮಾತ್ರೆ ಕೊಡುವಾಗ ಸುಲೋಚನಾಳ ಕೈ ನೋಡಿದೆ. ಉಗುರಿನ ಸಂದಿಯಲ್ಲಿ ಕಪ್ಪು.

"ಎಂತದಿದು?"

"ಎಂತ ಇಲ್ಲಪ್ಪ" ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಅವಳಿಗೆ ಮನೆಗೆಲಸ ಯಾವುದೂ ಇಲ್ಲ. ಒಲೆ, ಹೊಗೆ, ಪಾತ್ರೆ, ಕಸಬರಿಗೆ ಯಾವುದನ್ನೂ ಮುಟ್ಟಕೂಡದೆಂದು ನಾನೇ ಕಟ್ಟಪ್ಪಣೆ ಮಾಡಿದ್ದೇನೆ. ದೀಪ ಹಚ್ಚುವುದೂ ನಾನೇ. ಹಾಗಿರುವಾಗ ಕಪ್ಪು ಎಲ್ಲಿಂದ ಬಂತು? ಮೂವತ್ತೊಂದು ವರ್ಷದ ಸಂಸಾರದಲ್ಲಿ ಇವಳು ನನ್ನಿಂದ ಕೈ ಮುಚ್ಚಿಟ್ಟುಕೊಂಡದ್ದು ಇದೇ ಮೊದಲು.

2 ಜನವರಿ 2008, ಬುಧವಾರ

ಚಮಚದ ಗೂಡಿನಲ್ಲಿ ಆರು ಚಮಚ ಇರಬೇಕು. ಐದಿದೆ. ಹುಡುಕಿದೆ. ಆರನೆಯದು ಸಿಕ್ಕಿದ್ದು ಆ ಹುಡುಗಿಯ ಬ್ಯಾಗಿನ ಪಕ್ಕ, ಹಳೇ ಬಟ್ಟೆಯಲ್ಲಿ ಸುತ್ತಿ ಇಟ್ಟಿತ್ತು. ಬಟ್ಟಲಿನ ಭಾಗ ಕರೀ ಕಪ್ಪು.

ಇನ್ನೇನು ಬೇಕು? ಚಮಚ ಇರುವುದು ತಿನ್ನಿಸಲಿಕ್ಕೆ.

ಭೈರಪ್ಪನಿಗೆ ವಿಷಯ ಹೇಳಲಿಲ್ಲ, ಸುಮ್ಮನೆ ಕೇಳಿದೆ: ಹೊಸ ಮದ್ದನ್ನು ಮೊದಲು ಯಾರ ಮೇಲೆ ಹಾಕಿ ನೋಡುತ್ತಾರೆ? "ಯಾರಿಗೆ ಕೇಳೋರಿಲ್ವೋ ಅಂಥೋರ ಮೇಲೆ ಮಾರಾಯ" ಎಂದ.

ಸುಲೋಚನಾಳಿಗೆ ಕೇಳುವವನಿದ್ದಾನೆ.

ಮಾತ್ರೆ 1.15.

4 ಜನವರಿ, ಶುಕ್ರವಾರ

ಎರಡು ದಿನ ಯೋಚಿಸಿದೆ. ಹುಡುಗಿಯನ್ನು ಹೊರಗೆ ಹಾಕಬಹುದು. ಹಾಕಿದರೆ ಸೀತೂರಿನವರ ಜೊತೆ ಸಂಬಂಧ ಮುರಿದಂತೆ. ಅದು ಹೋಗಲಿ, ಇವಳು ಬಂದ ಮೇಲೆ ಸುಲೋಚನಾ ಬೆಳಿಗ್ಗೆ ತಾನಾಗಿ ಎದ್ದು ಕೂರುತ್ತಾಳೆ, ತಲೆ ಬಾಚಿಕೊಳ್ಳುತ್ತಾಳೆ. ಅದನ್ನು ನನ್ನ ಕೈಯಾರೆ ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ. ಬೈದು ಕೇಳಿದರೆ ಇಬ್ಬರೂ ಸೇರಿ ಇಲ್ಲ ಅನ್ನುತ್ತಾರೆ.

ಆದರೆ ನಾನು ಕಂಪೌಂಡರ್. ಕೈ ಕಟ್ಟಿ ಕೂರುವವನಲ್ಲ. ಬೆಳಿಗ್ಗೆ ಹೊಟ್ಟೆಗೆ ಹೋದ ವಿಷವನ್ನು ಮಧ್ಯಾಹ್ನ ಎಳೆದು ತೆಗೆಯಲು ನನಗೆ ಬರುತ್ತದೆ.

ತೆಂಗಿನ ಕರಟ ಸುಟ್ಟು ಇದ್ದಿಲು ಮಾಡಿ, ಭೈರಪ್ಪನ ಅಂಗಡಿ ಹಿಂದೆ ಕೂತು ಅರೆದು, ತೆಳುಬಟ್ಟೆಯಲ್ಲಿ ಮೂರು ಸಲ ಗಾಳಿಸಿದೆ. ಹಲ್ಲುಜ್ಜಲಿಕ್ಕೆ ಎಂದು ಅವನಿಗೆ ಹೇಳಿದೆ. ಶೀಶೆಗೆ ತುಂಬಿ, ಹಳೇ ಅಭ್ಯಾಸದಂತೆ ಪಟ್ಟಿ ಅಂಟಿಸಿದೆ. ಆಸ್ಪತ್ರೆಯಲ್ಲಿ ಮಿಕ್ಸ್‌ಚರ್ ಬಾಟಲಿಗೆ ಅಂಟಿಸುತ್ತಿದ್ದೆವಲ್ಲ, ಒಂದೊಂದು ಡೋಸಿಗೆ ಒಂದೊಂದು ಹಲ್ಲು ಕತ್ತರಿಸಿದ ಕಾಗದದ ಪಟ್ಟಿ, ಅದು. ರಿಟೈರ್ ಆದಾಗ ಒಂದು ಕಟ್ಟು ತಂದಿದ್ದೆ. ಊಟದ ಕೊನೆಯಲ್ಲಿ ಕೊತ್ತಂಬರಿ ಜೀರಿಗೆ ಕಷಾಯದಲ್ಲಿ ಎರಡು ಚಮಚ ಕಲಸಿ ಕೊಟ್ಟೆ. ಪಿತ್ತಕ್ಕೆ ಎಂದೆ.

ಸುಲೋಚನಾ ಲೋಟದೊಳಗೆ ನೋಡಿದಳು, ನನ್ನ ಮುಖ ನೋಡಿದಳು, ಕುಡಿದಳು.

ಮಾತ್ರೆ 1.10. ಕಷಾಯ 1.25.

5 ಜನವರಿ

ಮಾತ್ರೆ 1.05. ಕಷಾಯ 1.20. ಉಗುರು ಕಪ್ಪು.

11 ಜನವರಿ, ಶುಕ್ರವಾರ

ಮಾತ್ರೆ 1.10. ಕಷಾಯ 1.20.

ಆ ಹುಡುಗಿ ಬಾಯ್ತುಂಬ ಮಾವ ಮಾವ ಅನ್ನುತ್ತಾಳೆ. ನನ್ನ ಶರ್ಟಿಗೆ ಗುಂಡಿ ಹೊಲಿದಿಟ್ಟಿದ್ದಾಳೆ. ಕಳ್ಳಿ. ಓದಿದವರ ಕಳ್ಳತನಕ್ಕೆ ನಯ ಜಾಸ್ತಿ. ಸ್ವಂತ ಅತ್ತೆಯನ್ನು ಪ್ರಯೋಗಕ್ಕೆ ಇಟ್ಟುಕೊಂಡವಳಿಗೆ ಒಂದು ಗುಂಡಿ ಏನು ದೊಡ್ಡದು.

ಗುಂಡಿ ಮಾತ್ರ ಗಟ್ಟಿಯಾಗಿದೆ.

23 ಜನವರಿ, ಬುಧವಾರ

ತೊಂಬತ್ತಾರು ಸಾವಿರ.

ಯಂತ್ರದ ತಪ್ಪಿರಬೇಕು ಎಂದೆ. ಇನ್ನೊಂದು ಸಲ ರಕ್ತ ತೆಗೆದರು. ಅಷ್ಟೇ ಬಂತು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಾತ್ರೆ ತಪ್ಪದೆ ತಗೊಳ್ತಿದ್ದಾರಾ?"

"ನನ್ನ ಕೈಯಾರೆ ಕೊಡ್ತೀನಿ ಸಾರ್. ಸಮಯ ಬರೆದಿದ್ದೀನಿ."

"ಬೇರೆ ಏನಾದ್ರೂ ಕೊಡ್ತಿದ್ದೀರಾ? ನಾಟಿ ಔಷಧಿ, ಕಷಾಯ?"

ನಾನು ನಿಶ್ಚಿತಾಳ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. "ಮನೆ ಜೀರಿಗೆ ಕಷಾಯ, ಅಷ್ಟೇ" ಎಂದೆ. ಅದು ಸುಳ್ಳಲ್ಲ.

ಮುಂದಿನ ತಿಂಗಳೂ ಹೀಗೇ ಬಂದರೆ ಈ ಮಾತ್ರೆ ಇವರಿಗೆ ನಾಟುತ್ತಿಲ್ಲ ಎಂದು ತಿಳಿಯಬೇಕು, ಆಮೇಲೆ ನಮ್ಮ ಹತ್ತಿರ ಹೆಚ್ಚು ದಾರಿ ಇಲ್ಲ ಎಂದರು. ಸುಲೋಚನಾ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಮಲಗಿದಳು. ನಾನು ಅವಳ ಉಗುರು ನೋಡುತ್ತಾ ಕೂತೆ. ವಿಷ ಏರಿದೆ. ನಾಳೆಯಿಂದ ಇದ್ದಿಲು ನಾಲ್ಕು ಚಮಚ.

26 ಜನವರಿ, ಶನಿವಾರ

ತಡೆಯಲಾಗಲಿಲ್ಲ, ಕೇಳಿಬಿಟ್ಟೆ. ಸುಲೋಚನಾ ಮಲಗಿದ್ದಳು. ಹುಡುಗಿ ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದಳು.

"ಅತ್ತೆಗೆ ಎಂತ ಕೊಡ್ತಿದೀಯ ನೀನು?"

"ಎಂತ ಕೊಡ್ತಿದೀನಿ ಅಂದ್ರೆ?"

"ಆ ಕಪ್ಪು ಪುಡಿ. ನಾನು ಕುರುಡ ಅಲ್ಲ."

ಕತ್ತಿ ಕೆಳಗಿಟ್ಟಳು. "ಮಾವ, ಅದನ್ನ ನಾವು ಇನ್ನೂ ಇಲಿಗೂ ಕೊಟ್ಟಿಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಕ್ಕೆ ಹಾಕಿ ನೋಡ್ತಿದೀವಿ, ಅಷ್ಟೇ. ಮನುಷ್ಯರಿಗೆ ಕೊಡಕ್ಕೆ ಇನ್ನೂ ಎಷ್ಟು ವರ್ಷ ಬೇಕೋ. ಶ್ವಾಸಕೋಶಕ್ಕೆ ಕೆಟ್ಟದ್ದೋ ಏನೋ ಅನ್ನೋದೇ ಇನ್ನೂ ಗೊತ್ತಿಲ್ಲ. ಅತ್ತೆಗೆ ಕೊಡ್ತೀನಾ ನಾನು?"

"ಚಮಚ ಯಾಕೆ ಕಪ್ಪು?"

"ಅದನ್ನ ಅತ್ತೇನೇ ಹೇಳ್ಬೇಕು. ನಾನು ಮಾತು ಕೊಟ್ಟಿದೀನಿ" ಎಂದು ಅಳತೊಡಗಿದಳು.

ಅಳುವವರನ್ನು ಔಷಧಿ ಕಿಟಕಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಆದರೂ ಸೌತೆಕಾಯಿ ಉಳಿದದ್ದನ್ನು ನಾನೇ ಹೆಚ್ಚಿದೆ.

ಮಾತ್ರೆ 1.10. ಕಷಾಯ 1.20, ನಾಲ್ಕು ಚಮಚ.

30 ಜನವರಿ, ಬುಧವಾರ

ಕಣ್ಣಾರೆ ಹಿಡಿಯಬೇಕೆಂದು ನಿಶ್ಚಯಿಸಿ ಹತ್ತಕ್ಕೆ ಎಂದಿನಂತೆ ಹೊರಟೆ. ಬಸ್‌ಸ್ಟ್ಯಾಂಡಿನ ತನಕ ಹೋಗಿ, ಶೃಂಗೇರಿ ಬಸ್ಸು ಹೊರಡುವುದನ್ನು ನೋಡಿ, ಹಿತ್ತಲ ದಾರಿಯಿಂದ ವಾಪಸ್ಸು ಬಂದೆ. ಚಪ್ಪಲಿ ಕೈಯಲ್ಲಿ ಹಿಡಿದಿದ್ದೆ. ಅರವತ್ತು ವರ್ಷದವನು ಸ್ವಂತ ಹಿತ್ತಲಿಗೆ ಕಳ್ಳನ ಹಾಗೆ.

ಬಚ್ಚಲ ಹಿಂದೆ ಎರಡು ಇಟ್ಟಿಗೆ. ನಡುವೆ ಹರಳೆಣ್ಣೆಯ ಹಣತೆ, ಮೇಲೆ ಬೋರಲು ಹಾಕಿದ ಕಂಚಿನ ತಟ್ಟೆ. ಸುಲೋಚನಾ ಮೂಗಿಗೆ ಒದ್ದೆ ಟವೆಲ್ಲು ಕಟ್ಟಿಕೊಂಡು ಮಣೆಯ ಮೇಲೆ ಕೂತಿದ್ದಳು. ಆರಿದ ಇನ್ನೊಂದು ತಟ್ಟೆಯ ಮಸಿಯನ್ನು ಆ ಆರನೇ ಚಮಚದಿಂದ ಕೆರೆದು ಕಾಗದದ ಮೇಲೆ ಉದುರಿಸುತ್ತಿದ್ದಳು. ಮುಖದಲ್ಲಿ ಎಂಥ ಶ್ರದ್ಧೆ! ಹಾಲುಗೂಸಿನ ಕಣ್ಣಿಗೆ ಹಚ್ಚುವ ಕಾಡಿಗೆ ಮಾಡುವಾಗಲೂ ಹೀಗೇ ಕೂರುತ್ತಿದ್ದಳು.

ನನ್ನನ್ನು ಕಂಡು ಟವೆಲ್ಲು ಇಳಿಸಿದಳು. "ಆತು, ಸಿಕ್ಕಿಬಿದ್ದೆ."

"ಇದನ್ನ ತಿಂತಿದೀಯಾ?"

"ಕಾಡಿಗೆ ಯಾರಾದ್ರೂ ತಿಂತಾರಾ? ಎಂತ ಕೇಳ್ತೀರಿ ನೀವು. ನಮ್ಮ ನಿಶ್ಚಿತಾ ಕೂಸಿಗೆ ಬೇಕಂತೆ, ಆ ಕೊಳವೆ ತೆಗೆಯಕ್ಕೆ ಬೇರೆ ಬೇರೆ ಎಣ್ಣೆ ಮಸಿ. ಅದು ಬೇಡ ಅಂತು, ನಾನೇ ಹಠ ಮಾಡಿ ಕೂತೆ. ನಿಮಗೆ ಹೇಳಿದ್ರೆ ಬಿಡ್ತಿದ್ರಾ? ಒಂದು ಲೋಟ ತೊಳೆಯಕ್ಕೂ ಬಿಡಲ್ಲ ನೀವು. ಕೈಗೆ ಕೆಲಸ ಇಲ್ದೆ ಹೆಣ ಬಿದ್ದಂಗೆ ಬಿದ್ಕಂಡಿರಕ್ಕೆ ಆಗಲ್ಲ ನಂಗೆ. ನಂಗೆ ಆಗದಿದ್ರೆ ಬೇಡ, ಮುಂದೆ ಯಾರಿಗಾದ್ರೂ ಆಗ್ಲಿ."

ಪಕ್ಕದ ಬುಟ್ಟಿಯಲ್ಲಿ ಪೊಟ್ಟಣಗಳಿದ್ದವು. ಎಣಿಸಿದೆ, ಇಪ್ಪತ್ತಮೂರು. ಪ್ರತಿಯೊಂದರ ಮೇಲೂ ನನ್ನ ಹಲ್ಲು ಕತ್ತರಿಸಿದ ಪಟ್ಟಿ. ಅದರ ಮೇಲೆ ಅವಳ ದುಂಡು ಅಕ್ಷರ: ಹರಳೆಣ್ಣೆ, ಗರಗದ ಸೊಪ್ಪಿನ ರಸದ ಬತ್ತಿ, 14 ಜನವರಿ. ಕೊಬ್ಬರಿ ಎಣ್ಣೆ, ಬರೀ ಬತ್ತಿ, 17 ಜನವರಿ. ಒಂದಕ್ಕೂ ದಿನಾಂಕ ತಪ್ಪಿಲ್ಲ.

ಹಾಗಾದರೆ ಇವಳ ಹೊಟ್ಟೆಗೆ ಕಪ್ಪು ಹೋದದ್ದು ಒಂದೇ ಕೈಯಿಂದ.

ಹೊಟ್ಟೆಯಲ್ಲಿ ಏನಿದ್ದರೂ ಹೀರಿಕೊಳ್ಳುತ್ತದೆ ಎಂದು ಬರೆದವನು ನಾನು. ಮಾತ್ರೆ ಕೊಟ್ಟ ಹತ್ತು ಹದಿನೈದು ನಿಮಿಷಕ್ಕೆ ಕುಡಿಸಿದವನೂ ನಾನು. ಇದ್ದಿಲಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ, ಮಾತ್ರೆಯನ್ನೇ ಹೀರಿಕೊಂಡು ಹೋಗಿದೆ. ನನಗೆ ಗೊತ್ತಿರಬೇಕಿತ್ತು.

ಮಾತ್ರೆ 1.10. ಕಷಾಯ ಕೊಡಲಿಲ್ಲ.

"ಇವತ್ತು ಕಷಾಯ ಇಲ್ವಾ?" ಎಂದು ಕೇಳಿದಳು.

31 ಜನವರಿ, ಗುರುವಾರ

ಹೇಳಿದೆ. ತಿಂಡಿ ಆದ ಮೇಲೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಹೇಳುವಾಗ ಗೋಡೆ ನೋಡುತ್ತಿದ್ದೆ.

ನಿಶ್ಚಿತಾ ಎದ್ದು ನಿಂತಳು. "ಎಷ್ಟು ಕೊಟ್ರಿ? ಎಷ್ಟು ದಿನ? ಮಾತ್ರೆ ಆಗಿ ಎಷ್ಟು ಹೊತ್ತಿಗೆ?" ಎಲ್ಲ ಇದರಲ್ಲಿದೆ ಎಂದು ಈ ಡೈರಿಯನ್ನೇ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ತೆಗೆದುಕೊಂಡು ಜಗಲಿಗೆ ಹೋಗಿ ಡಾಕ್ಟರಿಗೆ ಫೋನು ಹಚ್ಚಿದಳು.

ನಾವಿಬ್ಬರೇ ಉಳಿದೆವು.

"ಕಪ್ಪಗಿತ್ತು. ಹಲ್ಲಿಗೆ ಕರಕರ ಸಿಗ್ತಿತ್ತು. ನಂಗೆ ಗೊತ್ತಾಗಲ್ವಾ?" ಎಂದಳು ಸುಲೋಚನಾ.

"ಗೊತ್ತಾಗಿ ಯಾಕೆ ಕುಡಿದೆ?"

"ಕೂಸಿನ ಮದ್ದು ಅಂದ್ಕಂಡೆ."

ನನಗೆ ಅರ್ಥವಾಗಲಿಲ್ಲ.

"ಅದಕ್ಕೆ ಕೊಡಕ್ಕೆ ಧೈರ್ಯ ಇಲ್ಲ, ನೀವು ಅದರ ಹತ್ರ ಗುಟ್ಟಾಗಿ ಈಸ್ಕಂಡು ನಂಗೆ ಕೊಡ್ತಿದೀರಿ ಅಂದ್ಕಂಡೆ. ನೀವು ಯಾರನ್ನೂ ನಂಬೋ ಪೈಕಿ ಅಲ್ಲ. ನಂಬಿದ್ರೂ ಹೇಳೋ ಪೈಕಿ ಅಲ್ಲ. ಅಂತೂ ನನಗೋಸ್ಕರ ಒಬ್ಬರನ್ನ ನಂಬಿದ್ರಲ್ಲ ಅಂತ ಖುಷಿಯಾಯ್ತು. ಅದಕ್ಕೆ ಕೇಳ್ಳಿಲ್ಲ. ಸುಮ್ನೆ ಕುಡಿದೆ."

ನಾನು ಹಿತ್ತಲಿಗೆ ಹೋಗಿ ಹಣತೆಯ ಮುಂದೆ ನಿಂತೆ.

ಡಾಕ್ಟರು ಬೈಯಲಿಲ್ಲವಂತೆ. ಇದ್ದಿಲು ನಿಲ್ಲಿಸಿ, ಮಾತ್ರೆ ಮುಂದುವರಿಸಿ, ನಾಲ್ಕು ವಾರ ಬಿಟ್ಟು ಬನ್ನಿ, ಆಗ ಗೊತ್ತಾಗುತ್ತದೆ ಎಂದರಂತೆ. ನಿಶ್ಚಿತಾ ಡೈರಿ ವಾಪಸ್ಸು ಕೊಟ್ಟಳು.

"ಎಲ್ಲ ಓದಿದೆಯಾ?"

"ಮಾತ್ರೆ ಟೈಮ್ ಅಷ್ಟೇ ನೋಡ್ದೆ ಮಾವ."

ಜನವರಿ ಹನ್ನೊಂದರ, ಅವಳನ್ನು ಕಳ್ಳಿ ಎಂದು ಬರೆದ ಪುಟದಲ್ಲಿ ಶಾಯಿ ಒಂದು ಕಡೆ ಹರಡಿದೆ. ನೀರು ಬಿದ್ದ ಹಾಗಿದೆ.

1 ಫೆಬ್ರವರಿ, ಶುಕ್ರವಾರ

ಬೆಳಿಗ್ಗೆ ಮಾತ್ರೆಯ ಡಬ್ಬಿ ಅದರ ಜಾಗದಲ್ಲಿರಲಿಲ್ಲ. ಸುಲೋಚನಾ ತೆಗೆದು ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಸಿಟ್ಟು ಮಾಡಲಿಲ್ಲ. ಊಟದ ಹೊತ್ತಿಗೆ ತಾನೇ ಬಿಡಿಸಿ ತಾನೇ ನುಂಗಿದಳು. ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ತನ್ನ ಲೋಟ ಇದೆ ಎಂದಳು.

ಸಮಯ ಬರೆಯುವುದು ನನ್ನ ಕೆಲಸ. 1.10.

9 ಫೆಬ್ರವರಿ

1.05. ಕೊಬ್ಬರಿ ಎಣ್ಣೆಯದು ಮುಗಿದು ಹೊಂಗೆಯೆಣ್ಣೆಯ ಮಸಿ ಶುರುವಾಗಿದೆ. ಅವಳ ಬೆನ್ನಿಗೆ ಬಿಸಿಲು ಬೀಳದ ಹಾಗೆ ಬಚ್ಚಲ ಹಿಂದೆ ಅಡಿಕೆ ಸೋಗೆ ಕಟ್ಟಿದೆ. ಪಟ್ಟಿ ನಾನು ಕತ್ತರಿಸಿಕೊಡುತ್ತೇನೆ. ಶೀಶೆಗಳ ಮೇಲೆ ಬರೀ ನಂಬರು ಸಾಲದು, ಹೆಸರು ದಿನಾಂಕ ಬೇಕು ಎಂದು ನಿಶ್ಚಿತಾಳಿಗೆ, ನಮ್ಮ ಮಗುವಿಗೆ, ಹೇಳಿದೆ. ಒಪ್ಪಿತು. ಅಷ್ಟನ್ನೂ ನನ್ನ ಕೈಯಲ್ಲೇ ಬರೆಸಿತು.

27 ಫೆಬ್ರವರಿ, ಬುಧವಾರ

ಇಪ್ಪತ್ತೊಂದು ಸಾವಿರ.

ಡಾಕ್ಟರು ಎರಡು ಸಲ ಓದಿ ಹೇಳಿದರು. ಈ ಸಲ ಯಂತ್ರವನ್ನು ನಾನು ಅನುಮಾನಿಸಲಿಲ್ಲ. ಮಗು ನನ್ನ ತೋಳು ಹಿಡಿದುಕೊಂಡಿತು. ನಾನು ಎಲ್ಲರೆದುರು ಅತ್ತುಬಿಟ್ಟೆ, ಬಸ್ಸು ತೀರ್ಥಹಳ್ಳಿ ದಾಟುವವರೆಗೆ ಕಾಯಲಿಲ್ಲ.

ಊಟಕ್ಕೆ ಅದೇ ಹೋಟೆಲು. ತಟ್ಟೆ ಬಂತು. ಸುಲೋಚನಾ ಚೀಲದಿಂದ ಮಾತ್ರೆಯ ಡಬ್ಬಿ ತೆಗೆದಳು. ತೆಗೆದು ಬಿಚ್ಚಲಿಲ್ಲ. ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದಳು.

"ತಗಳಿ. ಇನ್ಮೇಲೆ ನೀವೇ ಕೊಡಿ."

"ನಾನಾ?"

"ಮತ್ಯಾರು?" ಎಂದು ಅಂಗೈ ಚಾಚಿದಳು. ಉಗುರಿನ ಸಂದಿಯಲ್ಲಿ ಕಪ್ಪಿತ್ತು.

ಮಾತ್ರೆ 1.35ಕ್ಕೆ, ನನ್ನ ಕೈಯಿಂದ. ಅವಳು ಯಾವ ಮಾತ್ರೆ ಎಂದೂ ನೋಡದೆ ನುಂಗಿದಳು.

ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಡಬ್ಬಿ ಕೊಡುತ್ತಿರಲಿಲ್ಲ.